ಲಾರಿ ಅಪಘಾತ ಪರಿಹಾರ ಪ್ರಕರಣಗಳಲ್ಲಿ ನಿರ್ಲಕ್ಷ್ಯದ ಸಾಕ್ಷ್ಯ

ಲಾರಿ ಅಪಘಾತ ಪರಿಹಾರ ಪ್ರಕರಣಗಳಲ್ಲಿ ನಿರ್ಲಕ್ಷ್ಯದ ಸಾಕ್ಷ್ಯ ಎಂದರೆ, ಸರಕು ಸಾಗಿಸುವ ವಾಹನದ ಅಪಘಾತದಲ್ಲಿ ಗಾಯಗೊಂಡವರು ಅಥವಾ ಮೃತಪಟ್ಟವರ ಅವಲಂಬಿತರು, ಅಪಘಾತಕ್ಕೆ ಯಾರ ತಪ್ಪು ಕಾರಣ ಎಂಬುದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ತೋರಿಸಲು ಹಾಜರುಪಡಿಸುವ ದಾಖಲೆ, ವಸ್ತು ಹಾಗೂ ಹೇಳಿಕೆಗಳ ಸಮೂಹವಾಗಿದೆ. ಭಾರತದಲ್ಲಿ ಇಂತಹ ಪ್ರಕರಣಗಳು ಮೋಟಾರು ವಾಹನಗಳ ಕಾಯ್ದೆ, 1988ರ ಅಡಿಯಲ್ಲಿ ನಡೆಯುತ್ತವೆ. ಈ ಪ್ರಕರಣಗಳಲ್ಲಿ ಅಪರಾಧ ಪ್ರಕರಣದಷ್ಟು ಕಠಿಣವಾದ ರುಜುವಾತು ಬೇಕಿಲ್ಲ. ಆದರೆ ಬೇಕಾಗುವ ಸಾಕ್ಷ್ಯದ ಬಹುಭಾಗವು ಅಪಘಾತ ನಡೆದ ಕೆಲವೇ ದಿನಗಳಲ್ಲಿ ಅಳಿಸಿಹೋಗುವ ಸ್ವಭಾವದ್ದಾಗಿದೆ. ಆದ್ದರಿಂದ ಯಾವ ದಾಖಲೆಯಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ ಎಂಬ ತಿಳಿವಳಿಕೆ ಗಾಯಾಳುವಿನ ಕುಟುಂಬಕ್ಕೆ ಮುಖ್ಯವಾಗುತ್ತದೆ.

ಹಿನ್ನೆಲೆ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಕಲಘಟಗಿಯನ್ನು ದಾಟಿ ಉತ್ತರ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿ, ಕಿರವತ್ತಿಯ ಮೂಲಕ ಯಲ್ಲಾಪುರಕ್ಕೆ ಬಂದು, ಅಲ್ಲಿಂದ ಅರಬೈಲ್ ಘಟ್ಟವನ್ನು ಇಳಿದು ಕರಾವಳಿಯನ್ನು ಸೇರುತ್ತದೆ. ಹಿಂದೆ ಇದು ಹೆದ್ದಾರಿ 63 ಎಂದು ಗುರುತಿಸಲ್ಪಡುತ್ತಿತ್ತು. ಮರುಸಂಖ್ಯೆಯ ನಂತರ ಇದು ಹೆದ್ದಾರಿ 52ರ ಭಾಗವಾದರೂ ಹಳೆಯ ಸಂಖ್ಯೆಯ ಬಳಕೆ ಜನರಲ್ಲಿ ಇನ್ನೂ ಉಳಿದಿದೆ. ಬಯಲುಸೀಮೆಯನ್ನು ಬಂದರು ಮತ್ತು ಕರಾವಳಿಯ ಸಂತೆಗಳಿಗೆ ಜೋಡಿಸುವ ದಾರಿಯಾದ್ದರಿಂದ ಇಲ್ಲಿ ಲಾರಿಗಳ ಸಂಚಾರ ಹೆಚ್ಚು. 2000ದ ದಶಕದಲ್ಲಿ ಬಳ್ಳಾರಿ–ಹೊಸಪೇಟೆ ಭಾಗದ ಕಬ್ಬಿಣದ ಅದಿರು ಲಾರಿಗಳಲ್ಲಿ ಬೇಲೆಕೇರಿ ಬಂದರಿಗೆ ಸಾಗಿದ್ದೂ ಈ ಮಾರ್ಗದಲ್ಲಿಯೇ.

2025ರ ಜನವರಿ 22ರ ಬುಧವಾರ ನಸುಕಿನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು–ತರಕಾರಿ ವ್ಯಾಪಾರಿಗಳನ್ನೂ ಅವರ ಸರಕನ್ನೂ ಹೊತ್ತು ಹೊರಟಿದ್ದ ಲಾರಿಯು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಸಮೀಪದ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಹತ್ತು ಮಂದಿ ಮೃತಪಟ್ಟು, ಅನೇಕರು ಗಾಯಗೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಚಾಲಕನು ಎಡಕ್ಕೆ ಸರಿದಾಗ ಲಾರಿಯು ರಸ್ತೆಯಿಂದ ಕೆಳಗಿಳಿಯಿತೆಂದೂ, ಕಂದಕದ ಬದಿಗೆ ತಡೆಗೋಡೆ ಇರಲಿಲ್ಲವೆಂದೂ ಪೊಲೀಸರು ಅಂದು ತಿಳಿಸಿದ್ದರು. ಇಂತಹ ಒಂದೇ ಘಟನೆಯಲ್ಲಿ ಚಾಲಕನ ಎಚ್ಚರಿಕೆ, ಇನ್ನೊಂದು ವಾಹನದ ಪಾತ್ರ, ರಸ್ತೆಯ ಸ್ಥಿತಿ, ಸರಕಿನ ವಾಹನದಲ್ಲಿದ್ದ ಪ್ರಯಾಣಿಕರ ಸ್ಥಾನಮಾನ ಎಂಬ ನಾಲ್ಕು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಈ ಲೇಖನವು ಆ ಪ್ರಕರಣದ ತಪ್ಪು ಯಾರದೆಂದು ತೀರ್ಮಾನಿಸುವುದಿಲ್ಲ. ಅಂತಹ ಪ್ರಶ್ನೆಗಳಿಗೆ ಕಾನೂನು ಯಾವ ಬಗೆಯ ಸಾಕ್ಷ್ಯವನ್ನು ಅಪೇಕ್ಷಿಸುತ್ತದೆ ಎಂಬುದನ್ನು ವಿವರಿಸುತ್ತದೆ.

ದೊಡ್ಡ ಅಪಘಾತಗಳ ನಂತರ ಸರ್ಕಾರಗಳು ಘೋಷಿಸುವ ಪರಿಹಾರ ನಿಧಿಯ ಮೊತ್ತವು ಸಹಾಯಧನ ಮಾತ್ರ. ನ್ಯಾಯಮಂಡಳಿಯ ಮೂಲಕ ದೊರೆಯುವ ಪರಿಹಾರವು ಅದಕ್ಕಿಂತ ಬೇರೆಯಾದ ಕಾನೂನುಬದ್ಧ ಹಕ್ಕಾಗಿದೆ.

ಕಾನೂನಿನ ಚೌಕಟ್ಟು

ಪರಿಹಾರ ಕೋರಲು ಕಾಯ್ದೆಯಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈಗಿನ 164ನೇ ಕಲಮಿನಂತೆ, ಯಾರ ತಪ್ಪನ್ನೂ ಸಿದ್ಧಪಡಿಸದೆಯೇ ಮರಣಕ್ಕೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. 166ನೇ ಕಲಮಿನಂತೆ ಸಲ್ಲಿಸುವ ಅರ್ಜಿಗೆ ಮೊತ್ತದ ಮಿತಿಯಿಲ್ಲ. ವಯಸ್ಸು, ಆದಾಯ, ಅಂಗವೈಕಲ್ಯ, ಚಿಕಿತ್ಸೆಯ ವೆಚ್ಚಗಳನ್ನು ಅನುಸರಿಸಿ ನ್ಯಾಯಯುತ ಪರಿಹಾರವನ್ನು ನಿರ್ಧರಿಸಲಾಗುತ್ತದೆ. ಆದರೆ ಈ ದಾರಿಯಲ್ಲಿ ಚಾಲಕನ ನಿರ್ಲಕ್ಷ್ಯವನ್ನು ಅರ್ಜಿದಾರನೇ ಸಿದ್ಧಪಡಿಸಬೇಕು. ದುಡಿಯುವ ವಯಸ್ಸಿನವರು ಶಾಶ್ವತವಾಗಿ ಅಂಗವಿಕಲರಾದಾಗ ಎರಡು ದಾರಿಗಳ ಮೊತ್ತಗಳ ನಡುವಣ ಅಂತರ ಬಹಳ ದೊಡ್ಡದಿರುತ್ತದೆ. ಆ ಅಂತರವನ್ನು ತುಂಬುವುದು ಸಾಕ್ಷ್ಯವೇ.

ಅರ್ಜಿಯನ್ನು ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿ, ಅರ್ಜಿದಾರನು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ ನ್ಯಾಯಮಂಡಳಿಯಲ್ಲಿ, ಇಲ್ಲವೇ ಎದುರುದಾರನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿ ಸಲ್ಲಿಸಬಹುದು. ಹೀಗಾಗಿ ಯಲ್ಲಾಪುರ ತಾಲ್ಲೂಕಿನಲ್ಲಿ ಗಾಯಗೊಂಡ ಸವಣೂರಿನ ನಿವಾಸಿಯು ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಹಾಕಲು ಅವಕಾಶವಿದೆ. ಉತ್ತರ ಕನ್ನಡ ಮತ್ತು ಹಾವೇರಿ ಜಿಲ್ಲೆಗಳ ನ್ಯಾಯಮಂಡಳಿಗಳ ತೀರ್ಪಿನ ಮೇಲಣ ಮೇಲ್ಮನವಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಹೋಗುತ್ತವೆ.

ರುಜುವಾತಿನ ಮಟ್ಟ

ಅಪರಾಧ ಪ್ರಕರಣದಲ್ಲಿ ಆರೋಪವು ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಬೇಕು. ಪರಿಹಾರ ಪ್ರಕರಣದಲ್ಲಿ ಸಂಭವನೀಯತೆಯ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ನೋಡಿದರೆ ಸಾಕು. ಬಿಮಲಾ ದೇವಿ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟ್ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ಆದ್ದರಿಂದ ಚಾಲಕನು ಅಪರಾಧ ಪ್ರಕರಣದಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಘಟನೆಯೇ ತನ್ನ ಕತೆಯನ್ನು ಹೇಳುತ್ತದೆ ಎಂಬ ಸೂತ್ರವೂ ಅನ್ವಯಿಸುತ್ತದೆ. ಎಚ್ಚರಿಕೆಯಿಂದ ಓಡಿಸಿದ ವಾಹನವು ತಾನಾಗಿ ರಸ್ತೆ ಬಿಟ್ಟು ಮರಕ್ಕೆ ಬಡಿಯುವುದು ಸಹಜವಲ್ಲ. ಹಾಗಾದಾಗ ನಡೆದುದಕ್ಕೆ ವಿವರಣೆ ಕೊಡುವ ಹೊಣೆ ವಾಹನದ ಕಡೆಯವರ ಮೇಲೆ ಬೀಳುತ್ತದೆ. ಕಾರೊಂದು ಮರಕ್ಕೆ ಬಡಿದ ಪುಷ್ಪಾಬಾಯಿ ಪ್ರಕರಣದಲ್ಲಿ (1977) ಸುಪ್ರೀಂ ಕೋರ್ಟ್ ಈ ಸೂತ್ರವನ್ನು ಅನ್ವಯಿಸಿತು. ಕಣ್ಣಾರೆ ಕಂಡವರು ಯಾರೂ ಉಳಿಯದ ಅಪಘಾತಗಳಲ್ಲಿ ಇದರ ಉಪಯೋಗ ಹೆಚ್ಚು.

ಸಾಕ್ಷ್ಯದ ಮೂಲಗಳು

ಪೊಲೀಸ್ ದಾಖಲೆಗಳು

ಎಫ್‌ಐಆರ್ ಎಂದು ಪರಿಚಿತವಾದ ಪ್ರಥಮ ವರ್ತಮಾನ ವರದಿಯು ಮೊದಲ ದಾಖಲೆ. ಉತ್ತರ ಕರ್ನಾಟಕದ ಠಾಣೆಗಳಲ್ಲಿ ದಾಖಲಾಗುವ ದೂರುಗಳಲ್ಲಿ "ಅತೀ ವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿ" ಎಂಬ ಮಾತು ವಾಡಿಕೆಯಾಗಿ ಕಾಣಿಸುತ್ತದೆ. ಈ ಮಾತು ಆರೋಪವೇ ಹೊರತು ರುಜುವಾತಲ್ಲ. ವಾಹನವು ಯಾವ ದಿಕ್ಕಿನಿಂದ ಬಂತು, ರಸ್ತೆಯ ಯಾವ ಬದಿಯಲ್ಲಿತ್ತು, ದೀಪ ಹಚ್ಚಿತ್ತೇ, ಗಾಯಾಳು ಎಲ್ಲಿದ್ದನು ಎಂಬ ವಿವರಗಳಿದ್ದರೆ ಮಾತ್ರ ದೂರಿಗೆ ತೂಕ ಬರುತ್ತದೆ. 2024ರ ಜುಲೈ 1ರ ನಂತರದ ಅಪಘಾತಗಳಿಗೆ ಭಾರತೀಯ ನ್ಯಾಯ ಸಂಹಿತೆಯ 281, 125 ಮತ್ತು 106ನೇ ಕಲಮುಗಳು ಅನ್ವಯಿಸುತ್ತವೆ. ಅದಕ್ಕೆ ಮೊದಲಿನವುಗಳಿಗೆ ಭಾರತೀಯ ದಂಡ ಸಂಹಿತೆಯ 279, 337, 338 ಮತ್ತು 304ಎ ಕಲಮುಗಳು ಅನ್ವಯಿಸುತ್ತಿದ್ದವು. ವರದಿಯ ಪ್ರತಿಯನ್ನು ದೂರುದಾರನಿಗೆ ಅಥವಾ ಸಂತ್ರಸ್ತನಿಗೆ ಉಚಿತವಾಗಿ ಕೊಡಬೇಕು.

ಗಾಯಾಳುವನ್ನು ಬದುಕಿಸಿಕೊಳ್ಳುವ ಧಾವಂತದಲ್ಲಿ ದೂರು ತಡವಾಗುವುದು ಸಹಜ. ತಡವಾದುದಕ್ಕೆ ನಂಬುವಂತಹ ಕಾರಣವಿದ್ದರೆ ಅದೊಂದರಿಂದಲೇ ಅರ್ಜಿಯನ್ನು ತಿರಸ್ಕರಿಸಬಾರದೆಂದು ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಹೇಳಿದೆ.

2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರ ನಿಯಮಗಳಂತೆ, ತನಿಖಾಧಿಕಾರಿಯು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನೂ, 50 ದಿನಗಳಲ್ಲಿ ಮಧ್ಯಂತರ ವರದಿಯನ್ನೂ, 90 ದಿನಗಳಲ್ಲಿ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಪೊಲೀಸರು ಕಳುಹಿಸುವ ಅಪಘಾತ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು 166ನೇ ಕಲಮಿನಲ್ಲಿ ಅವಕಾಶವಿದೆ. ತನಿಖೆಯ ಕೊನೆಗೆ ಸಲ್ಲಿಕೆಯಾಗುವ ದೋಷಾರೋಪ ಪಟ್ಟಿಯು ನಿರ್ಲಕ್ಷ್ಯಕ್ಕೆ ಮೇಲ್ನೋಟದ ಆಧಾರವಾಗುತ್ತದೆ. ಅದನ್ನು ಅಲ್ಲಗಳೆಯುವವರು ತಾವೇ ಸಾಕ್ಷ್ಯ ಕೊಡಬೇಕಾಗುತ್ತದೆ.

ಸ್ಥಳದ ಸಾಕ್ಷ್ಯ

ಪಂಚರ ಸಮಕ್ಷಮ ಬರೆಯುವ ಸ್ಥಳ ಪಂಚನಾಮೆ ಮತ್ತು ಅದರೊಂದಿಗಿನ ನಕ್ಷೆಯಲ್ಲಿ ರಸ್ತೆಯ ಅಗಲ, ತಿರುವು, ಇಳಿಜಾರು, ಟೈರು ಉಜ್ಜಿದ ಗುರುತು, ಒಡೆದ ಗಾಜು, ಸೋರಿದ ಎಣ್ಣೆ, ವಾಹನಗಳು ನಿಂತ ಜಾಗ ಇವುಗಳ ಅಳತೆಗಳು ಇರಬೇಕು. ಘಟ್ಟದ ರಸ್ತೆಯಲ್ಲಿ ಏರುವ ಮತ್ತು ಇಳಿಯುವ ದಿಕ್ಕನ್ನು ನಮೂದಿಸುವುದು ವಿಶೇಷವಾಗಿ ಮುಖ್ಯ. ಇಬ್ಬರಿಗೂ ಸಾಲದಷ್ಟು ಕಿರಿದಾದ ಜಾಗದಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ರಸ್ತೆ ನಿಯಮ. ತಡೆಗೋಡೆ, ಎಚ್ಚರಿಕೆ ಫಲಕ, ಪ್ರತಿಫಲಕಗಳು ಇದ್ದವೇ ಎಂಬುದನ್ನೂ ಬರೆಸಬೇಕು. ಅಪಘಾತದ ಬಳಿಕ ಅವುಗಳನ್ನು ಹೊಸದಾಗಿ ಕಟ್ಟಿದರೆ ಹಿಂದಿನ ಸ್ಥಿತಿಯನ್ನು ತೋರಿಸುವುದು ಕಷ್ಟವಾಗುತ್ತದೆ.

ಪಂಚನಾಮೆಗೂ ಮಿತಿಯಿದೆ. ಅಪಘಾತದ ನಂತರ ವಾಹನಗಳು ಬಿದ್ದಿರುವ ಜಾಗವು ಡಿಕ್ಕಿ ನಡೆದ ಜಾಗವೇ ಆಗಿರಬೇಕಿಲ್ಲ. ಪಂಚನಾಮೆಯಲ್ಲಿ ಕಾಣುವ ವಾಹನಗಳ ನೆಲೆಯೊಂದರಿಂದಲೇ ಇಂಥವನದೇ ತಪ್ಪು ಎಂದು ತೀರ್ಮಾನಿಸಲಾಗದೆಂದು ಜಿಜು ಕುರುವಿಲ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿತು. ನೇರ ಸಾಕ್ಷಿಯ ಹೇಳಿಕೆಯೊಂದಿಗೆ ಹೊಂದಿದಾಗ ಮಾತ್ರ ನಕ್ಷೆಗೆ ಪೂರ್ಣ ಬೆಲೆ ಬರುತ್ತದೆ.

ವಾಹನದ ಪರಿಶೀಲನೆ

ಅಪಘಾತಕ್ಕೀಡಾದ ವಾಹನವನ್ನು ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸಿ ವರದಿ ಕೊಡುತ್ತಾರೆ. ಬ್ರೇಕು, ಸ್ಟಿಯರಿಂಗು, ಟೈರು, ದೀಪಗಳ ಸ್ಥಿತಿ ಮತ್ತು ಜಖಂ ಆದ ಭಾಗಗಳು ಅದರಲ್ಲಿ ದಾಖಲಾಗುತ್ತವೆ. ಜಖಂ ಮುಂಭಾಗದಲ್ಲಿದೆಯೇ, ಪಕ್ಕದಲ್ಲಿದೆಯೇ ಎಂಬುದರಿಂದ ಡಿಕ್ಕಿಯ ಬಗೆ ತಿಳಿಯುತ್ತದೆ.

ಘಟ್ಟದ ಅಪಘಾತಗಳಲ್ಲಿ ಬ್ರೇಕು ವಿಫಲವಾಯಿತೆಂಬ ಸಮರ್ಥನೆ ಸಾಮಾನ್ಯ. ಅದರಿಂದ ಮಾಲೀಕನು ಹೊಣೆಯಿಂದ ಪಾರಾಗುವುದಿಲ್ಲ. ದೋಷವು ಒಳಗೆ ಅಡಗಿದ್ದು, ತಕ್ಕ ಎಚ್ಚರಿಕೆ ವಹಿಸಿದ್ದರೂ ಗೊತ್ತಾಗುವಂತಿರಲಿಲ್ಲ ಎಂಬುದನ್ನು ಅವನೇ ತೋರಿಸಬೇಕು. ಆದ್ದರಿಂದ ವಾಹನದ ಅರ್ಹತಾ ಪ್ರಮಾಣಪತ್ರ ಮತ್ತು ದುರಸ್ತಿಯ ದಾಖಲೆಗಳು ಸಾಕ್ಷ್ಯವಾಗುತ್ತವೆ. ತೂಕದ ಚೀಟಿ, ಸರಕಿನ ಬಿಲ್ಲುಗಳಿಂದ ಅಧಿಕ ಭಾರವಿತ್ತೇ ಎಂಬುದು ತಿಳಿಯುತ್ತದೆ. ಆದರೆ ಅಧಿಕ ಭಾರವಿದ್ದುದು ನಿಯಮೋಲ್ಲಂಘನೆಯಾದರೂ, ಅಪಘಾತಕ್ಕೆ ಅದೇ ಕಾರಣವಾಯಿತೆಂಬ ಕೊಂಡಿಯನ್ನು ಬೇರೆಯಾಗಿ ತೋರಿಸಬೇಕಾಗುತ್ತದೆ.

ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಡಿಕ್ಕಿಯಾದ ಪ್ರಕರಣಗಳಲ್ಲಿ ಹಿಂಬದಿಯ ದೀಪ, ಪ್ರತಿಫಲಕ ಪಟ್ಟಿ, ಎಚ್ಚರಿಕೆಯ ತ್ರಿಕೋನ ಇದ್ದವೇ ಎಂಬುದು ನಿರ್ಣಾಯಕ. ರಾತ್ರಿ ರಸ್ತೆಯ ಮಧ್ಯೆ ದೀಪವಿಲ್ಲದೆ ನಿಲ್ಲಿಸಿದ್ದ ಟ್ಯಾಂಕರಿಗೆ ಕಾರು ಡಿಕ್ಕಿಯಾದ ಅರ್ಚಿತ್ ಸೈನಿ ಪ್ರಕರಣದಲ್ಲಿ (2018) ಕಾರಿನ ಚಾಲಕನ ಪಾಲಿನ ತಪ್ಪು ಇಲ್ಲವೆಂಬ ನ್ಯಾಯಮಂಡಳಿಯ ತೀರ್ಮಾನವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಚಾಲಕ ಮತ್ತು ಮಾಲೀಕರ ದಾಖಲೆಗಳು

ಚಾಲನಾ ಪರವಾನಗಿ, ನೋಂದಣಿ ಪತ್ರ, ರಹದಾರಿ, ವಿಮಾ ಪಾಲಿಸಿ ಇವುಗಳು ಹಣ ಕೊಡುವ ಹೊಣೆ ಯಾರದೆಂಬುದನ್ನು ನಿರ್ಧರಿಸುತ್ತವೆ. ಪರವಾನಗಿ ಇಲ್ಲದಿರುವುದು ತಾನಾಗಿಯೇ ನಿರ್ಲಕ್ಷ್ಯವನ್ನು ಸಿದ್ಧಪಡಿಸುವುದಿಲ್ಲ. ಚಾಲಕನ ದಣಿವು ಕಾರಣವೆಂಬ ಸಂಶಯವಿದ್ದರೆ ಅವನು ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದನೆಂಬುದನ್ನು ತೋರಿಸಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961ರಂತೆ ದುಡಿಮೆಯ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಆಗಿತ್ತು. ಲಾರಿ ಹೊರಟ ವೇಳೆ, ಟೋಲ್ ನಾಕೆಗಳಲ್ಲಿ ಫಾಸ್ಟ್ಯಾಗ್ ದಾಖಲಿಸಿದ ಸಮಯ, ಸರಕಿನ ಇ–ವೇ ಬಿಲ್ಲು ಇವುಗಳನ್ನು ಜೋಡಿಸಿದರೆ ಪ್ರಯಾಣದ ವೇಳಾಪಟ್ಟಿ ಸಿದ್ಧವಾಗುತ್ತದೆ. ಇಂತಹ ದಾಖಲೆಗಳು ಖಾಸಗಿಯವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಅವುಗಳನ್ನು ತರಿಸಲು ನ್ಯಾಯಮಂಡಳಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಸಾಕ್ಷಿದಾರರು

ಘಟನೆಯನ್ನು ಕಂಡವರಲ್ಲಿ ಸಹಪ್ರಯಾಣಿಕರು, ಹಿಂದೆ ಬರುತ್ತಿದ್ದ ವಾಹನದವರು, ರಸ್ತೆ ಬದಿಯ ಅಂಗಡಿಯವರು, ದನ ಮೇಯಿಸುವವರು ಯಾರೂ ಆಗಬಹುದು. ಗಾಯಾಳುವಿಗೆ ನೆರವಾದವನು ತನ್ನ ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. ಕಾಯ್ದೆಯ 134ಎ ಕಲಮು ಅಂತಹ ಪರೋಪಕಾರಿಗೆ ರಕ್ಷಣೆ ನೀಡುತ್ತದೆ. ಸ್ವಇಚ್ಛೆಯಿಂದ ಮುಂದೆ ಬರುವವರ ಹೆಸರು, ಊರುಗಳನ್ನು ಅಂದೇ ಬರೆದಿಟ್ಟುಕೊಳ್ಳುವುದು ಉಚಿತ. ದೂರದ ಊರಿನ ಲಾರಿಗಳ ಸಿಬ್ಬಂದಿಯನ್ನು ಮತ್ತೆ ಹುಡುಕುವುದು ಕಷ್ಟ. ಗಾಯಾಳುವಿನ ಸ್ವಂತ ಹೇಳಿಕೆಯೂ ಸಾಕ್ಷ್ಯವೇ. ಲಾರಿಯ ಚಾಲಕನು ಸಾಕ್ಷಿ ಹೇಳಲು ಬಾರದೆ ಉಳಿದರೆ ನ್ಯಾಯಮಂಡಳಿಯು ಅವನಿಗೆ ಪ್ರತಿಕೂಲವಾದ ಊಹೆಯನ್ನು ಮಾಡಬಹುದು.

ಎಲೆಕ್ಟ್ರಾನಿಕ್ ಸಾಕ್ಷ್ಯ

ಪೆಟ್ರೋಲ್ ಬಂಕು, ತನಿಖಾ ಠಾಣೆ, ಅಂಗಡಿಗಳ ಸಿಸಿಟಿವಿ ದೃಶ್ಯಗಳು, ವಾಹನದೊಳಗಿನ ಕ್ಯಾಮೆರಾ, ಜಿಪಿಎಸ್ ದಾಖಲೆ, ದಾರಿಹೋಕರು ಮೊಬೈಲಿನಲ್ಲಿ ತೆಗೆದ ಚಿತ್ರಗಳು ಈ ಗುಂಪಿಗೆ ಸೇರುತ್ತವೆ. ಇವುಗಳ ಪ್ರತಿಯನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಎರಡು ಭಾಗಗಳಿದ್ದು, ಒಂದನ್ನು ಸಾಧನದ ಹೊಣೆ ಹೊತ್ತವರೂ ಇನ್ನೊಂದನ್ನು ತಜ್ಞರೂ ಸಹಿ ಮಾಡಬೇಕು. ಹಲವರಿಗೆ ರವಾನೆಯಾಗಿ ಬಂದ ಚಿತ್ರಕ್ಕಿಂತ, ತೆಗೆದವನ ಮೊಬೈಲಿನಲ್ಲಿಯೇ ಉಳಿದಿರುವ ಮೂಲ ಚಿತ್ರಕ್ಕೆ ಬೆಲೆ ಹೆಚ್ಚು.

ವೈದ್ಯಕೀಯ ದಾಖಲೆಗಳು

ಗಾಯವು ಇದೇ ಅಪಘಾತದಿಂದ ಆಯಿತೆಂಬುದನ್ನು ತೋರಿಸುವುದು ಆಸ್ಪತ್ರೆಯ ದಾಖಲೆ. ಯಲ್ಲಾಪುರ, ಕಿರವತ್ತಿ ಭಾಗದ ಗಾಯಾಳುಗಳನ್ನು ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಗೆ ಒಯ್ಯುವುದು ವಾಡಿಕೆ. ಹೀಗೆ ಒಂದು ಅಪಘಾತದ ದಾಖಲೆಗಳು ಎರಡು ಜಿಲ್ಲೆಗಳಲ್ಲಿ, ಎರಡು ಮೂರು ಆಸ್ಪತ್ರೆಗಳಲ್ಲಿ ಹಂಚಿಹೋಗುತ್ತವೆ. ವೈದ್ಯಕೀಯ–ಕಾನೂನು ಪ್ರಕರಣದ ವಹಿಯಲ್ಲಿ ಗಾಯವಾದ ಬಗೆ, ವೇಳೆ, ವಾಹನ ಯಾವುದು ಎಂಬ ಟಿಪ್ಪಣಿ ಇರುತ್ತದೆ. ಕರೆತಂದವರು ಗಾಬರಿಯಲ್ಲಿ "ಬೈಕಿನಿಂದ ಬಿದ್ದ" ಎಂದಷ್ಟೇ ಹೇಳಿ, ಅದು ಹಾಗೆಯೇ ದಾಖಲಾದರೆ, ಲಾರಿ ಡಿಕ್ಕಿ ಹೊಡೆಯಿತೆಂಬ ನಂತರದ ದೂರನ್ನು ವಿಮಾ ಕಂಪನಿಯ ವಕೀಲರು ಪ್ರಶ್ನಿಸುತ್ತಾರೆ. ಹೆಸರು, ವಯಸ್ಸು, ದಿನಾಂಕಗಳು ಎಲ್ಲ ದಾಖಲೆಗಳಲ್ಲಿ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಾದರೂ ಫಲ ದೊಡ್ಡದು.

ಅಂಗವೈಕಲ್ಯದ ಪ್ರಮಾಣವನ್ನು ವೈದ್ಯರು ಹೇಳುತ್ತಾರೆ. ಅದರಿಂದ ದುಡಿಮೆಗೆ ಎಷ್ಟು ನಷ್ಟವಾಯಿತೆಂಬುದನ್ನು ನ್ಯಾಯಮಂಡಳಿ ತೀರ್ಮಾನಿಸುತ್ತದೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಈ ಭೇದವನ್ನು ವಿವರಿಸಿದೆ. ಮೊಣಕಾಲು ಮಡಚಲಾಗದ ಗುಮಾಸ್ತನು ಕೆಲಸದಲ್ಲಿ ಮುಂದುವರಿಯಬಹುದು. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನಿಗೆ ಅದೇ ಗಾಯವು ವೃತ್ತಿಯನ್ನೇ ಕಳೆಯುತ್ತದೆ. ಆದ್ದರಿಂದ ಗಾಯಾಳುವಿನ ಕಸುಬು ಮತ್ತು ಆದಾಯದ ಪುರಾವೆಯೂ ಬೇಕಾಗುತ್ತದೆ.

ತಪ್ಪಿನ ಹಂಚಿಕೆ

ಗಾಯಾಳುವಿನ ತಪ್ಪೂ ಅಪಘಾತಕ್ಕೆ ಕಾರಣವಾಗಿದ್ದರೆ ಅದನ್ನು ಸಹಭಾಗಿ ನಿರ್ಲಕ್ಷ್ಯ ಎನ್ನುತ್ತಾರೆ. ಆಗ ಅವನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ಗಾಯಾಳುವಿನ ತಪ್ಪಿಲ್ಲದೆ ಇಬ್ಬರು ಅಥವಾ ಹೆಚ್ಚಿನ ಚಾಲಕರ ತಪ್ಪು ಸೇರಿದ್ದರೆ ಅದು ಸಂಯುಕ್ತ ನಿರ್ಲಕ್ಷ್ಯ. ಈ ಎರಡನೆಯ ಬಗೆಯಲ್ಲಿ ಗಾಯಾಳುವು ತಪ್ಪಿತಸ್ಥರಲ್ಲಿ ಯಾರೊಬ್ಬರಿಂದಲಾದರೂ ಪೂರ್ಣ ಪರಿಹಾರವನ್ನು ಪಡೆಯಬಹುದೆಂದು ಖೆನ್ಯೇಯಿ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಇನ್ನೊಂದು ವಾಹನವು ಪತ್ತೆಯಾಗದೆ ಮಾಯವಾದ ಸಂದರ್ಭದಲ್ಲಿ ಲಾರಿಯೊಳಗಿದ್ದ ಪ್ರಯಾಣಿಕನಿಗೆ ಈ ತತ್ತ್ವ ನೆರವಾಗುತ್ತದೆ. ಆದರೂ ತಾನಿದ್ದ ಲಾರಿಯ ಚಾಲಕನಲ್ಲಿ ಸ್ವಲ್ಪವಾದರೂ ತಪ್ಪಿತ್ತೆಂಬುದನ್ನು ಅವನು ತೋರಿಸಬೇಕು.

ರಸ್ತೆಯ ರಚನೆ ಅಥವಾ ನಿರ್ವಹಣೆಯ ದೋಷಕ್ಕೆ ಸಂಬಂಧಿಸಿ 2019ರ ತಿದ್ದುಪಡಿಯಿಂದ 198ಎ ಕಲಮು ಸೇರಿದೆ. ನಿಗದಿತ ಮಾನದಂಡವನ್ನು ಪಾಲಿಸದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆ ದಂಡವು ಗಾಯಾಳುವಿಗೆ ನೇರವಾಗಿ ಸಲ್ಲುವ ಪರಿಹಾರವಲ್ಲ.

ಸರಕಿನೊಂದಿಗೆ ಪ್ರಯಾಣಿಸುವವರು

ಸಂತೆಗೆ ಹೋಗುವ ವ್ಯಾಪಾರಿಗಳು ತಮ್ಮ ಸರಕಿನೊಂದಿಗೆ ಲಾರಿಯಲ್ಲಿಯೇ ಪ್ರಯಾಣಿಸುವುದು ಈ ಭಾಗದಲ್ಲಿ ಸಾಮಾನ್ಯ. ಇಲ್ಲಿ ನಿರ್ಲಕ್ಷ್ಯ ಸಿದ್ಧವಾದರೂ ವಿಮಾ ಕಂಪನಿ ಹಣ ಕೊಡಬೇಕೇ ಎಂಬ ಇನ್ನೊಂದು ಪ್ರಶ್ನೆ ಉಳಿಯುತ್ತದೆ. 1994ರ ತಿದ್ದುಪಡಿಯ ನಂತರ, ವಾಹನದಲ್ಲಿರುವ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಯು ಕಡ್ಡಾಯ ವಿಮೆಯ ರಕ್ಷಣೆಗೆ ಒಳಪಡುತ್ತಾನೆ. ಸುಮ್ಮನೆ ಹತ್ತಿಕೊಂಡ ಪ್ರಯಾಣಿಕನಿಗೆ ಈ ರಕ್ಷಣೆ ಇಲ್ಲವೆಂಬುದು ಆಶಾ ರಾಣಿ ಪ್ರಕರಣದ ಸಾರ. ಸರಕಿನ ಮಾಲೀಕನೂ ಚಾಲಕನ ಕ್ಯಾಬಿನ್ನಿನಲ್ಲಿ ಕುಳಿತಿರಬೇಕೆಂದು ಚೊಲ್ಲೇಟಿ ಭಾರತಮ್ಮ ಪ್ರಕರಣದಲ್ಲಿ (2007) ಹೇಳಲಾಗಿದೆ. ಹೀಗಾಗಿ ಮೂಟೆಗಳ ಮೇಲೆ ಕುಳಿತು ಹೋದವರ ಸ್ಥಿತಿ ಕಾನೂನಿನಲ್ಲಿ ದುರ್ಬಲವಾದುದು. ಇಂತಹ ಕೆಲವು ಪ್ರಕರಣಗಳಲ್ಲಿ ಕಂಪನಿಯು ಮೊದಲು ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿರುವುದೂ ಉಂಟು.

ಆದ್ದರಿಂದ ಈ ವರ್ಗದ ಗಾಯಾಳುಗಳು ಸರಕು ತಮ್ಮದೆಂಬುದಕ್ಕೆ ಮಾರುಕಟ್ಟೆಯ ಖರೀದಿ ಚೀಟಿ, ತೂಕದ ಚೀಟಿ, ಲಾರಿ ಬಾಡಿಗೆ ಕೊಟ್ಟ ರಸೀದಿ, ಸಂತೆಯ ಜಾಗದ ಕರದ ರಸೀದಿ, ಜೊತೆಗಾರ ವ್ಯಾಪಾರಿಗಳ ಹೇಳಿಕೆ ಇವುಗಳನ್ನು ಉಳಿಸಿಕೊಳ್ಳಬೇಕಾಗುತ್ತದೆ. ದಿನದ ಕೊನೆಗೆ ಬಿಸಾಡುವ ಚೀಟಿಯೇ ಇಲ್ಲಿ ಪ್ರಮುಖ ಪುರಾವೆ.

ಕಾಲಮಿತಿ ಮತ್ತು ಸಾಕ್ಷ್ಯದ ರಕ್ಷಣೆ

2019ರ ತಿದ್ದುಪಡಿಯಂತೆ ಪರಿಹಾರದ ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ನಿಬಂಧನೆಯು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಕಾನೂನಿನ ಗಡುವಿಗಿಂತ ಸಾಕ್ಷ್ಯದ ಆಯುಷ್ಯ ಇನ್ನೂ ಚಿಕ್ಕದು. ಮಲೆನಾಡಿನ ಒಂದು ಮಳೆಗೆ ಟೈರಿನ ಗುರುತು ಅಳಿಸುತ್ತದೆ. ಸಿಸಿಟಿವಿ ದೃಶ್ಯದ ಮೇಲೆ ಕೆಲವು ದಿನ ಅಥವಾ ವಾರಗಳಲ್ಲಿ ಹೊಸ ದೃಶ್ಯ ದಾಖಲಾಗುತ್ತದೆ. ಪರಿಶೀಲನೆ ಮುಗಿದ ಲಾರಿಯು ಮಾಲೀಕನ ವಶಕ್ಕೆ ಹೋಗಿ ದುರಸ್ತಿಯಾಗುತ್ತದೆ. ಆದ ಕಾರಣ ದೃಶ್ಯಗಳನ್ನು ಕಾಯ್ದಿರಿಸುವಂತೆ ಕೂಡಲೇ ಲಿಖಿತ ಮನವಿ ಕೊಡುವುದು, ಅದರ ಸ್ವೀಕೃತಿ ಪಡೆಯುವುದು, ತನಿಖಾಧಿಕಾರಿಗೂ ತಿಳಿಸುವುದು ರೂಢಿಯಲ್ಲಿರುವ ಕ್ರಮಗಳಾಗಿವೆ.

ಡಿಕ್ಕಿ ಹೊಡೆದ ವಾಹನವೇ ಪತ್ತೆಯಾಗದಿದ್ದರೆ 161ನೇ ಕಲಮಿನ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಮಾತ್ರ ದೊರೆಯುತ್ತದೆ. ವಾಹನದ ನೋಂದಣಿ ಸಂಖ್ಯೆಯನ್ನು ಯಾರಾದರೂ ಗುರುತಿಸಿಕೊಂಡಿರುವುದಕ್ಕೂ ಗುರುತಿಸಿಕೊಳ್ಳದಿರುವುದಕ್ಕೂ ಇರುವ ವ್ಯತ್ಯಾಸವನ್ನು ಈ ಮೊತ್ತಗಳೇ ತೋರಿಸುತ್ತವೆ.

ಮಿತಿಗಳು

ನ್ಯಾಯಮಂಡಳಿಯ ವಿಚಾರಣೆಯು ಸಂಕ್ಷಿಪ್ತ ಸ್ವರೂಪದ್ದಾಗಿದ್ದು, ಸಾಕ್ಷ್ಯ ಕಾನೂನಿನ ತಾಂತ್ರಿಕ ನಿಯಮಗಳನ್ನು ಅಲ್ಲಿ ಬಿಗಿಯಾಗಿ ಅನ್ವಯಿಸುವುದಿಲ್ಲ. ಹಾಗೆಂದು ಸಾಕ್ಷ್ಯವೇ ಬೇಡವೆಂದಲ್ಲ. ದೂರು, ಪಂಚನಾಮೆ, ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ ಇವುಗಳಲ್ಲಿ ಒಂದೊಂದೂ ಘಟನೆಯ ಒಂದೊಂದು ಮುಖವನ್ನು ಮಾತ್ರ ತೋರಿಸುತ್ತದೆ. ಇವು ಪರಸ್ಪರ ಹೊಂದಿಕೊಂಡಾಗ ನಿರ್ಲಕ್ಷ್ಯವು ಸಿದ್ಧವಾಗುತ್ತದೆ. ಒಂದಕ್ಕೊಂದು ವಿರುದ್ಧವಾದಾಗ ನಿಜವಾದ ಗಾಯಾಳುವಿನ ಪ್ರಕರಣವೂ ಸೋಲಬಹುದು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತರಲ್ಲದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿಂದ ಉಚಿತ ನೆರವನ್ನು ಕೋರಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯ ಮೂಲಕ ಪ್ರಕರಣವನ್ನು ಮುಗಿಸಿಕೊಳ್ಳಲೂ ಅವಕಾಶವಿದ್ದು, ಅಲ್ಲಿಯೂ ಒಪ್ಪಿಕೊಳ್ಳುವ ಮೊತ್ತವು ಕೈಯಲ್ಲಿರುವ ಸಾಕ್ಷ್ಯದ ಬಲವನ್ನೇ ಅವಲಂಬಿಸಿರುತ್ತದೆ.